ನೆರಳು ಮರ ತೆಗೆದ್ರೆ ಲಾಭಾನಾ?

ಪ್ರಶ್ನೆ: ನಮ್ದು ಮೂಡಿಗೆರೆ ಹತ್ರ ಅರೇಬಿಕಾ ಕಾಫಿ ತೋಟ. ಹಳೇ ಕಾಡುಮರ ತೆಗೆಸಿ ಪೂರ್ತಿ ಸಿಲ್ವರ್ ಓಕ್ ಮರ ಹಾಕಿ ಕಾಳುಮೆಣಸು ಹಬ್ಬಿಸೋಣ ಅಂತ ನಾನು, ಅಪ್ಪ ಸುತಾರಾಂ ಒಪ್ತಿಲ್ಲ. ಪರಿಸರ ಪರಿಸರ ಅಂತ ಕೂತ್ರೆ ನಾವು ಮುಂದೆ ಬರೋದು ಯಾವಾಗ?

ಉತ್ತರ: ಸಿಲ್ವರ್ ಬೇಗ ಬೆಳೆಯುತ್ತೆ, ಮೆಣಸಿನ ಬಳ್ಳಿಗೂ ನೆಟ್ಟಗೆ ನಿಲ್ಲುತ್ತೆ, ಅದೆಲ್ಲಾ ನಿಜ. ಆದ್ರೆ ನಿಮ್ಮ ಲೆಕ್ಕದಲ್ಲಿ ಬರೋ ದುಡ್ಡು ಮಾತ್ರ ಇದೆ, ಹೋಗೋ ದುಡ್ಡು ಕಾಣ್ತಿಲ್ಲ. ಅತ್ತಿ, ಬಸರಿ, ಹಲಸು, ನಂದಿ ಇವೆಲ್ಲ ಬೇಸಿಗೇಲಿ ತೋಟ ತಂಪಾಗಿ ಇಡ್ತವೆ, ಉದುರಿದ ಎಲೆ ಕೊಳೆತು ಗೊಬ್ಬರ ಆಗುತ್ತೆ, ಆಷಾಢದ ಮಳೇಲಿ ಮಣ್ಣು ಕೊಚ್ಕೊಂಡು ಹೋಗದ ಹಾಗೆ ಬೇರು ಹಿಡ್ಕೊಂಡಿರುತ್ತೆ. ಒಂದೇ ಸಲ ಇವನ್ನೆಲ್ಲ ತೆಗೆಸಿದ್ರೆ ಸಿಲ್ವರ್ ಮೇಲೆ ಬರೋ ತನಕ ತೋಟ ಬಿಸಿಲಿಗೆ ಬಿದ್ದಿರುತ್ತೆ, ಕಾಫಿ ಗಿಡದ ಕಾಂಡ ಕೊರೆಯೋ ಬಿಳಿ ಕಾಂಡಕೊರಕ ಅನ್ನೋ ಕೀಟಕ್ಕೆ ಬೇಕಾಗಿರೋದೂ ಅದೇ. ಆ ದುಂಬಿ ಬಿಸಿಲು ಬೀಳೋ ಗಿಡವನ್ನೇ ಹುಡ್ಕೊಂಡು ತೊಗಟೆ ಸಂದೀಲಿ ಮೊಟ್ಟೆ ಇಡುತ್ತೆ, ಹುಳ ಒಳಗೊಳಗೇ ಕೊರೀತಾ ಹೋಗುತ್ತೆ, ಕಾಂಡದ ಮೇಲೆ ಉಬ್ಬು ಎದ್ದು ಎಲೆ ಹಳದಿ ಆಗಿ ನಿಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ಗಿಡ ಕಿತ್ತು ಸುಡೋದು ಬಿಟ್ಟು ಬೇರೆ ದಾರಿ ಇರಲ್ಲ. ಹೊಸ ಗಿಡ ಫಸಲಿಗೆ ಬರೋಕೆ ಮತ್ತೆ ಮೂರ್ನಾಲ್ಕು ವರ್ಷ. ಮರ ಮಾರಿದ ದುಡ್ಡು ಅಲ್ಲೀವರೆಗೂ ಇರುತ್ತಾ?

ದೇಶದ ಜಿಡಿಪಿ ಲೆಕ್ಕಾನೂ ಹೀಗೇನೇ. ನಾಟಾ (ಕಡಿದ ಮರ) ಮಾರಿದ್ದು ಆದಾಯ ಅಂತ ಸೇರುತ್ತೆ, ಕಾಡು ಕಮ್ಮಿ ಆಗಿದ್ದನ್ನ ಎಲ್ಲೂ ಕಳೆಯಲ್ಲ, ಗುಡ್ಡ ಕುಸಿದ ಮೇಲೆ ರಸ್ತೆ ರಿಪೇರಿಗೆ ಹಾಕಿದ ಖರ್ಚೂ ಬೆಳವಣಿಗೆ ಅಂತಲೇ ಬರ್ಕೋತಾರೆ!

ಹಾಗಂತ ದುಡ್ಡು ಮಾಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಕಾಫಿ ರೇಟು ಬಿದ್ದಾಗ ಸಾಲ ಮಾಡ್ಕೊಂಡಿರೋ ಬೆಳೆಗಾರನ ಕಣ್ಣು ಮೊದ್ಲು ಹೋಗೋದೇ ಮರದ ಮೇಲೆ, ರೇಟು ಚೆನ್ನಾಗಿದ್ರೆ ತಾನೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಯಂತ್ರ) ಗಲೀಜು ನೀರು ಹಳ್ಳಕ್ಕೆ ಬಿಡದೆ ಹೊಂಡ ಕಟ್ಸೋಕೆ ಆಗೋದು. ಈಗಿರೋ ಕಾಡುಮರಕ್ಕೇ ಮೆಣಸು ಹಬ್ಬಿಸಿ, ಮರಗಸಿ (ನೆರಳು ಹೆಚ್ಚಾದ ಕಡೆ ಕೊಂಬೆ ಸವರೋದು) ಸರಿಯಾಗಿ ಮಾಡ್ಸಿ, ಖಾಲಿ ಜಾಗ ಇದ್ರೆ ಅಲ್ಲಿ ಮಾತ್ರ ಸಿಲ್ವರ್ ಹಾಕಿ. ಅಪ್ಪಾವ್ರ ಹತ್ರ ಕೂತು ಯಾವ ಮರ ಯಾಕೆ ಉಳಿಸಿದ್ದಾರೆ ಅಂತ ಒಂದ್ಸಲ ಕೇಳಿ.

ಪ್ರಶ್ನೆ: ಕುದುರೆಮುಖದ ಕಬ್ಬಿಣದ ಅದಿರು ಗಣಿ ನಿಲ್ಲಿಸಿ ಎಷ್ಟೋ ಮನೆ ಅನ್ನ ಕಿತ್ಕೊಂಡ್ರಲ್ಲ, ಅದು ಸರೀನಾ? (ಕಳಸದ ಓದುಗರು)

ಉತ್ತರ: ನಿಲ್ಲಿಸಿದ್ದು ಸರಿ, ಆದ್ರೆ ನಿಮ್ಮ ನೋವೂ ಸುಳ್ಳಲ್ಲ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋ ಬೆಟ್ಟಸಾಲು ಅದು, ಗಣಿ ಮಣ್ಣು ಮಳೆಗಾಲದಲ್ಲಿ ಭದ್ರಾ ನದಿಗೆ ಇಳೀತಿತ್ತು. ಅದೇ ಭದ್ರಾ ನದಿಗೆ ಕಟ್ಟಿರೋ ಲಕ್ಕವಳ್ಳಿ ಡ್ಯಾಮ್ ನೀರು ನಂಬಿ ದಾವಣಗೆರೆ ಕಡೆ ಭತ್ತ ಬೆಳೆಯೋರ ಅನ್ನಾನೂ ಲೆಕ್ಕಕ್ಕೆ ತಗೋಬೇಕಲ್ವಾ. ನನಗೆ ಬೇಜಾರು ಇರೋದು ಬೇರೆ ವಿಷಯಕ್ಕೆ. ಗಣಿ ನಿಲ್ಲಿಸ್ಬೇಕು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂದಿದ್ದು 2002ರಲ್ಲಿ, ಗಣಿ ನಿಂತಿದ್ದು 2005ರ ಡಿಸೆಂಬರ್ ಕೊನೇಲಿ. ನಡುವೆ ಸಿಕ್ಕ ಆ ಮೂರು ವರ್ಷದಲ್ಲಿ ಗಣಿ ಟೌನ್‌ಶಿಪ್ ನಂಬಿದ್ದ ಅಂಗಡಿಯೋರಿಗೆ, ಕಾಂಟ್ರ್ಯಾಕ್ಟ್ ಕೆಲಸದೋರಿಗೆ ಬೇರೆ ದಾರಿ ಮಾಡ್ಕೊಡೋದು ಸರ್ಕಾರದ ಕೆಲಸ ಆಗಿತ್ತು.