ಬಿಳಿ ತೆನೆಯಲ್ಲಿ ಹಳದಿ ಕಾಳು ಬಂದದ್ದೆಲ್ಲಿಂದ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕು. ಕಳೆದ ಮುಂಗಾರಿನಲ್ಲಿ ಸುಟ್ಟು ತಿನ್ನಲೆಂದು ಹಿತ್ತಲಲ್ಲಿ ಬಿಳಿ ಮೆಕ್ಕೆಜೋಳ ಹಾಕಿದ್ದೆವು. ಸುತ್ತಲಿನ ಹೊಲಗಳಲ್ಲೆಲ್ಲ ಹಳದಿ ಜೋಳವಿತ್ತು. ನಮ್ಮ ತೆನೆಗಳಲ್ಲಿ ಅಲ್ಲಲ್ಲಿ ತಿಳಿಹಳದಿ ಕಾಳುಗಳು ಬಂದವು. ಅವನ್ನಷ್ಟೇ ಆರಿಸಿ, ಅಕ್ಕಪಕ್ಕ ಬೇರೆ ಜೋಳವಿಲ್ಲದ ಬೇಸಿಗೆಯಲ್ಲಿ ಬಿತ್ತಿದರೆ, ಒಂದೇ ತೆನೆಯಲ್ಲಿ ಹಳದಿ, ಬಿಳಿ ಎರಡೂ ಬಂದಿವೆ. ಬೀಜ ಕೆಟ್ಟಿತೇ? ಅಪ್ಪಟ ಬಿಳಿ ತಳಿ ಮತ್ತೆ ಸಿಗುವುದೇ?

ಉತ್ತರ: ಬೀಜ ಕೆಟ್ಟಿಲ್ಲ. ತೆನೆಯ ತುದಿಯಲ್ಲಿ ಇಳಿಬೀಳುವ ಒಂದೊಂದು ರೇಷ್ಮೆ ಎಳೆಯೂ ಒಂದೊಂದು ಕಾಳಿಗೆ ಸೇರಿದ್ದಾದ್ದರಿಂದ, ಒಂದೇ ತೆನೆಯ ಕಾಳುಗಳಿಗೆ ತಾಯಿ ಒಂದೇ ಆದರೂ ತಂದೆ ಬೇರೆ ಬೇರೆಯಾಗಿರಬಹುದು. ಗಾಳಿಯಲ್ಲಿ ಬಂದ ನೆರೆಹೊಲದ ಪರಾಗ ಯಾವ ಎಳೆಗೆ ಅಂಟಿತೋ ಆ ಕಾಳು ಹಳದಿಯಾಯಿತು.

ಈ ಬಣ್ಣವನ್ನು ಮುಖ್ಯವಾಗಿ ಒಂದು ವಂಶವಾಹಿ ನಿರ್ಧರಿಸುತ್ತದೆ. ಅದರ ಹಳದಿ ರೂಪವನ್ನು ‘ಹ’ ಎಂದೂ ಬಿಳಿ ರೂಪವನ್ನು ‘ಬ’ ಎಂದೂ ಕರೆಯೋಣ. ಪ್ರತಿ ಗಿಡದಲ್ಲೂ ತಾಯಿಯಿಂದ ಬಂದದ್ದೊಂದು, ತಂದೆಯಿಂದ ಬಂದದ್ದೊಂದು ಸೇರಿ ಇವು ಜೋಡಿಯಾಗಿರುತ್ತವೆ. ಹ ಪ್ರಬಲ, ಒಂದಿದ್ದರೂ ಕಾಳು ಹಳದಿ. ನಿಮ್ಮ ಗಿಡಗಳು ಬಬ ಆಗಿದ್ದರಿಂದ ಅವುಗಳಲ್ಲಿ ಹುಟ್ಟಿದ ಹಳದಿ ಕಾಳುಗಳೆಲ್ಲ ಹಬ ಆಗಿರಲೇಬೇಕು. ಬಣ್ಣ ತಿಳಿಯಾಗಿತ್ತೆಂದು ನೀವು ಗಮನಿಸಿದ್ದು ಸೂಕ್ಷ್ಮ: ಕಾಳಿನ ಬಹುಭಾಗವಾದ ಭ್ರೂಣಾಹಾರಕ್ಕೆ ತಾಯಿಯಿಂದ ಎರಡು, ತಂದೆಯಿಂದ ಒಂದು ಪಾಲು ಬರುವುದರಿಂದ, ಅಲ್ಲಿ ಎರಡು ಬ ಇದ್ದು ಹ ಒಂದೇ ಇತ್ತು.

ಹಬ ಗಿಡಗಳು ತಮ್ಮತಮ್ಮಲ್ಲೇ ಕೂಡಿದಾಗ ಪರಾಗದಲ್ಲಿ ಅರ್ಧ ಹ, ಅರ್ಧ ಬ, ಅಂಡಗಳಲ್ಲೂ ಹಾಗೆಯೇ. ಎರಡೂ ಕಡೆಯಿಂದ ಬ ಬರುವ ಸಾಧ್ಯತೆ ಅರ್ಧದಲ್ಲಿ ಅರ್ಧ, ಅಂದರೆ ಕಾಲು ಭಾಗ. ನಾನೂರು ಕಾಳಿನ ತೆನೆಯಲ್ಲಿ ನೂರರ ಆಸುಪಾಸು ಬಿಳಿ ಇರಬೇಕು. 90 ಅಥವಾ 110 ಬಂದರೆ ಲೆಕ್ಕ ತಪ್ಪಿತೆಂದಲ್ಲ. ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡ ಮೆಂಡಲ್ 1866ರಲ್ಲಿ ಪ್ರಕಟಿಸಿದ ಬಟಾಣಿಯ ಎಣಿಕೆಯಲ್ಲೂ 6,022 ಹಳದಿ ಕಾಳುಗಳಿಗೆ 2,001 ಹಸಿರು ಕಾಳುಗಳಿದ್ದವು. ಬಿಡುವಿದ್ದಾಗ ಒಂದು ತೆನೆಯನ್ನು ಬಿಡಿಸಿ ಎಣಿಸಿ ನೋಡಿ. ಹ, ಬಗಳನ್ನು ಜೋಡಿಸಿ ತೋರಿಸುವ ಪುಸ್ತಕದ ಚೌಕಕ್ಕಿಂತ ಅದು ಚೆನ್ನಾಗಿ ಕಲಿಸುತ್ತದೆ.

ಅಪ್ಪಟ ಹಳದಿ ತಳಿ ಬೇಕಿದ್ದರೆ ಕೆಲಸ ಕಷ್ಟ. ಹಳದಿ ಕಾಳುಗಳಲ್ಲಿ ಮೂರರಲ್ಲೊಂದು ಮಾತ್ರ ಹಹ. ಕಣ್ಣಂದಾಜಿನಿಂದ ಅದನ್ನು ನೆಚ್ಚಿ ಆರಿಸಲಾಗದು. ಗಿಡ ಬೆಳೆಸಿ, ಬಿಳಿ ಗಿಡದ ಪರಾಗವನ್ನೇ ಅದರ ಎಳೆಗಳ ಮೇಲೆ ಉದುರಿಸಬೇಕು. ತೆನೆ ಪೂರ್ತಿ ಹಳದಿಯಾದರೆ ಹಹ, ಹೆಚ್ಚುಕಡಿಮೆ ಅರ್ಧ ಬಿಳಿಯಾದರೆ ಹಬ. ಹಬ ಗಿಡದ ಹತ್ತು ಕಾಳುಗಳು ಸತತವಾಗಿ ಹಳದಿಯಾಗುವ ಸಾಧ್ಯತೆ 1,024ರಲ್ಲಿ ಒಂದು, ಹೀಗಾಗಿ ಒಂದು ತೆನೆಯ ಸಾಕ್ಷ್ಯವೇ ಸಾಕು. ಆದರೆ ಇಳುವರಿಯಂಥ ಗುಣಕ್ಕೆ ಹಲವು ವಂಶವಾಹಿಗಳು ಸೇರುವುದರಿಂದ ಈ ಸರಳ ಲೆಕ್ಕ ಅಲ್ಲಿ ನಡೆಯದು.

ನಿಮಗೆ ಬೇಕಾದದ್ದು ಬಿಳಿಯಾದ್ದರಿಂದ ಕೆಲಸ ಸುಲಭ. ಬಿಳಿಯಾಗಿ ಕಾಣುವ ಕಾಳು ಬಬ ಆಗಿಯೇ ಇರುತ್ತದೆ, ಒಳಗೆ ಹ ಅಡಗಿ ಕೂರಲಾರದು. ಬಿಳಿ ಕಾಳುಗಳನ್ನಷ್ಟೇ ಬಿತ್ತಿ, ರೇಷ್ಮೆ ಹೊರಬರುವ ಮೊದಲೇ ಕೆಲವು ತೆನೆಗಳಿಗೆ ಕಾಗದದ ಚೀಲ ಕಟ್ಟಿ, ನಿಮ್ಮವೇ ಬೇರೆ ಬಿಳಿ ಗಿಡಗಳ ಸೂಲಂಗಿಯಿಂದ ಪರಾಗ ಕೊಡವಿ ಮತ್ತೆ ಮುಚ್ಚಿ. ಆದರೂ ಒಂದೆರಡು ಹಳದಿ ಕಾಳು ಕಂಡರೆ ಉಗುರಿನಿಂದ ಕಿತ್ತು ಕೋಳಿಗೆ ಹಾಕಿ, ಉಳಿದದ್ದನ್ನು ಬೀಜಕ್ಕೆ ಇಟ್ಟುಕೊಳ್ಳಿ.