ಹದಿನಾರು ಓಟು ಸಾಲಲಿಲ್ಲ

ಪ್ರಶ್ನೆ: ಮೇಡಂ, ಪೆಸಿಫಿಕ್ ಸಾಗರದಲ್ಲಿ ನ್ಯೂಜಿಲೆಂಡ್ ಆಳುವ ಟೋಕೆಲಾವ್ ಅನ್ನುವ ಪುಟ್ಟ ದ್ವೀಪಗಳ ಜನ ಎರಡು ಸಲ ಓಟು ಹಾಕಿಯೂ ಸ್ವತಂತ್ರರಾಗಲಿಲ್ಲ ಅಂತ ಓದಿದೆ. ಆಳುವವರೇ ಕೊಡ್ತೀವಿ ಅಂದರೂ ಬೇಡ ಅನ್ನುವವರು ಇರ್ತಾರಾ? ಅದು ಹೆದರಿಕೆಯಾ, ಅಭ್ಯಾಸವಾ? (ಒಬ್ಬ ನಿವೃತ್ತ ಮೇಷ್ಟ್ರು)

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿದ ಕೂಡಲೇ ಲೋವರ್ ಹಟ್‌ನ ನಮ್ಮ ಬಾಡಿಗೆ ಮನೆ ಕಣ್ಣ ಮುಂದೆ ಬಂತು. ನ್ಯೂಜಿಲೆಂಡಿನ ರಾಜಧಾನಿ ವೆಲಿಂಗ್ಟನ್ ಪಕ್ಕದ ಊರು ಅದು. ನಮ್ಮ ಯಜಮಾನರ ಕೆಲಸದ ಮೇಲೆ ಹನ್ನೊಂದು ವರ್ಷ ಅಲ್ಲಿದ್ದೆವು. ಬೇಲಿ ಆಚೆ ಟೋಕೆಲಾವ್‌ನ ಒಬ್ಬ ಅಜ್ಜಿ ಇದ್ದರು. ಅವರ ಊರು ಫಕಾಓಫೋ. 1966ರಲ್ಲಿ ಅಲ್ಲಿ ದೊಡ್ಡ ಚಂಡಮಾರುತ ಬಂದು ತೆಂಗು, ಮನೆ ಎಲ್ಲ ಹಾಳಾದ ಮೇಲೆ ನ್ಯೂಜಿಲೆಂಡ್ ಸರ್ಕಾರ ಜನರನ್ನು ತನ್ನ ನೆಲಕ್ಕೆ ಕರೆತಂದು ನೆಲೆ ಮಾಡಿಕೊಟ್ಟಿತು. ಹಾಗೆ ಬಂದವರಲ್ಲಿ ಇವರೂ ಒಬ್ಬರು. ಬಂದಾಗ ಇನ್ನೂ ಹುಡುಗಿ.

2007ರ ಅಕ್ಟೋಬರ್‌ನಲ್ಲಿ ಎರಡನೇ ಸಲ ಓಟು ನಡೆದ ವಾರ ಆ ಅಜ್ಜಿ ಫೋನ್ ಬಿಟ್ಟು ಏಳಲಿಲ್ಲ. ಕೈಯಲ್ಲಿ ಕೇದಿಗೆ ಜಾತಿಯ ಗಿಡದ ಒಣಗಿದ ಎಲೆ, ಹೆಣೆಯುತ್ತಿದ್ದದ್ದು ಚಾಪೆ. ಸಮುದ್ರದಾಚೆ ಮೂರು ಹಳ್ಳಿಗಳಲ್ಲಿ ಒಂದಾದ ಮೇಲೆ ಒಂದರಂತೆ ಓಟು ನಡೆಯುತ್ತಿತ್ತು. ಸಾರು ತುಂಬಿದ ಡಬ್ಬಿ ಹಿಡಿದು ಅವರ ಮನೆಗೆ ಹೋದವಳು ನಾನೂ ಅಲ್ಲೇ ಕೂತುಬಿಟ್ಟೆ. ಕೊನೆಗೆ ತಂಗಿಯ ಫೋನ್ ಬಂತು. ಹೌದು ಅಂದವರು 446, ಬೇಡ ಅಂದವರು 246. ಆದರೆ ಮೂರರಲ್ಲಿ ಎರಡು ಪಾಲು ಓಟು ಬೇಕು ಅನ್ನುವುದು ನಿಯಮ. ಹದಿನಾರು ಓಟು ಸಾಲಲಿಲ್ಲ. ಅಜ್ಜಿ ಅಳಲೂ ಇಲ್ಲ, ನಗಲೂ ಇಲ್ಲ. ಚಾಪೆಯ ಅಂಚು ಮಡಚಿ ತುಂಬಾ ಹೊತ್ತು ಸುಮ್ನೆ ಕೂತಿದ್ದರು.

ಈಗ ನಿಮ್ಮ ಪ್ರಶ್ನೆ. ಮೊದಲು ಒಂದು ಮಾತು: ಹೆಚ್ಚು ಜನ ಬೇಡ ಅನ್ನಲಿಲ್ಲ. 2006ರ ಫೆಬ್ರವರಿಯಲ್ಲಿ ಮೊದಲ ಸಲ ಓಟು ಹಾಕಿದಾಗ 349 ಜನ ಬೇಕು ಅಂದರು, 232 ಜನ ಬೇಡ ಅಂದರು. ಎರಡನೇ ಸಲ ಬೇಕು ಅನ್ನುವವರು ಇನ್ನೂ ಜಾಸ್ತಿಯಾದರು. ಹಾಗಾಗಿ 'ಸ್ವಾತಂತ್ರ್ಯ ಬೇಡ ಅಂದ ಜನ' ಅಂತ ಅವರನ್ನು ಕರೆದರೆ ನನಗೆ ನೋವಾಗುತ್ತದೆ.

ಎರಡನೆಯದು, ಅವರ ಮುಂದಿದ್ದದ್ದು ಪೂರ್ತಿ ಬೇರೆಯಾಗುವ ಪ್ರಶ್ನೆ ಅಲ್ಲವೇ ಅಲ್ಲ. ನಮ್ಮ ಆಡಳಿತ ನಾವೇ ನೋಡಿಕೊಳ್ಳುತ್ತೇವೆ, ನ್ಯೂಜಿಲೆಂಡಿನ ಜೊತೆ ಒಪ್ಪಂದದ ನಂಟು ಇರಲಿ, ಪೌರತ್ವ ಹಾಗೇ ಇರಲಿ, ಇದು ಒಪ್ಪಿಗೆಯಾ ಅಂತ ಕೇಳಿದ್ದು. ನ್ಯೂಜಿಲೆಂಡಿನ ಕೈಕೆಳಗಿದ್ದ ಕುಕ್ ದ್ವೀಪಗಳು 1965ರಲ್ಲಿ, ನಿಯುಯೇ ದ್ವೀಪ 1974ರಲ್ಲಿ ಇದೇ ದಾರಿ ಹಿಡಿದಿದ್ದವು.

ಬೇಡ ಅಂದವರ ಮನಸ್ಸು ಅರ್ಥವಾಗಬೇಕಾದರೆ ಆ ನೆಲ ಹೇಗಿದೆ ಅಂತ ಗೊತ್ತಿರಬೇಕು. ಅಟಾಫು, ನುಕುನೋನು, ಫಕಾಓಫೋ ಅಂತ ಮೂರು ಹವಳದ ದ್ವೀಪಗಳು. ಮೂರೂ ಸೇರಿದರೆ ಹತ್ತು ಚದರ ಕಿಲೋಮೀಟರಿನಷ್ಟು ನೆಲ. ಜನ ಸುಮಾರು ಒಂದೂವರೆ ಸಾವಿರ. ನದಿ ಇಲ್ಲ, ತೊರೆ ಇಲ್ಲ. ಮಳೆ ನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟುಕೊಂಡು ಕುಡಿಯಬೇಕು. 2011ರಲ್ಲಿ ಮಳೆ ಕೈಕೊಟ್ಟು ತೊಟ್ಟಿಗಳು ತಳ ಕಂಡಾಗ ಹೊರಗಿನಿಂದ ಹಡಗಿನಲ್ಲಿ ನೀರು ಬಂತು. ವಿಮಾನ ನಿಲ್ದಾಣ ಇಲ್ಲ. ಹುಷಾರು ತಪ್ಪಿದರೆ, ದೊಡ್ಡ ಆಪರೇಷನ್ ಬೇಕಾದರೆ, ಹಡಗು ಹತ್ತಿ ನೆರೆಯ ದ್ವೀಪದೇಶ ಸಮೋವಾಕ್ಕೆ ಹೋಗಬೇಕು. ಮನೆಯ ಒಬ್ಬರಾದರೂ ನ್ಯೂಜಿಲೆಂಡಿನಲ್ಲಿ ಇರುತ್ತಾರೆ. ನಿಜ ಹೇಳಬೇಕೆಂದರೆ, ದ್ವೀಪದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಟೋಕೆಲಾವ್ ಜನ ನ್ಯೂಜಿಲೆಂಡಿನಲ್ಲಿದ್ದಾರೆ. ನಂಟು ಹಾಗೇ ಇರುತ್ತದೆ ಅಂತ ಕಾಗದದಲ್ಲಿ ಬರೆದುಕೊಟ್ಟರೂ, ನಾಳೆ ಆ ಕಾಗದ ಓದುವವರು ಯಾರು ಅನ್ನುವ ಅಳುಕು ಇರುವುದಿಲ್ವಾ? ನಾನು ಅದನ್ನು ಹೇಡಿತನ ಅನ್ನಲಾರೆ. ಲೆಕ್ಕ ಹಾಕಿ ಬಾಳುವವರ ಎಚ್ಚರಿಕೆ ಅದು.

ಹೊರಗಿನಿಂದ ಬರುವ ಹಡಗಿನ ಮೇಲೆ ಅಷ್ಟು ನಂಬಿಕೆ ಇಡದಿರಲು ಹಳೆಯ ಕಾರಣವೂ ಇದೆ. 1863ರಲ್ಲಿ ಪೆರುವಿನ ಗುಲಾಮ ವ್ಯಾಪಾರಿಗಳ ಹಡಗುಗಳು ಬಂದು ಹತ್ತಿರ ಹತ್ತಿರ ಅರ್ಧ ಜನರನ್ನು ಹೊತ್ತುಕೊಂಡು ಹೋದವು. ಹೋದವರಲ್ಲಿ ಬಹುಪಾಲು ವಾಪಸು ಬರಲಿಲ್ಲ. ಅಜ್ಜಿ ಈ ಕತೆಯನ್ನು ಮೊನ್ನೆ ಮೊನ್ನೆ ನಡೆದದ್ದೇನೋ ಅನ್ನುವ ಹಾಗೆ ಹೇಳುತ್ತಿದ್ದರು.

ಪ್ರಶ್ನೆ: ಅರ್ಧಕ್ಕಿಂತ ಜಾಸ್ತಿ ಜನ ಹೌದು ಅಂದ ಮೇಲೂ ಸೋಲು ಅನ್ನುವುದು ಅನ್ಯಾಯ ಅಲ್ವಾ? ಆ ನಿಯಮ ನ್ಯೂಜಿಲೆಂಡ್ ಹೇರಿದ್ದಾ? (ಪಿಯುಸಿ ಓದುತ್ತಿರುವ ಹುಡುಗಿ)

ಉತ್ತರ: ಇಲ್ಲ ಮಗಳೇ. ಮೂರರಲ್ಲಿ ಎರಡು ಪಾಲು ಬೇಕು ಅಂತ ಇಟ್ಟವರು ಅವರೇ. ಮೂರು ಹಳ್ಳಿಗಳ ಪ್ರತಿನಿಧಿಗಳು ಸೇರುವ ಜನರಲ್ ಫೋನೋ ಅನ್ನುವ ಸಭೆಯಲ್ಲಿ ತೀರ್ಮಾನ ಆದದ್ದು.

ನನಗೂ ಮೊದಲು ನಿನ್ನ ಹಾಗೇ ಅನ್ನಿಸಿತ್ತು. ಆಮೇಲೆ ಯೋಚನೆ ಮಾಡಿದೆ. ಆರುನೂರು ಚಿಲ್ಲರೆ ಜನ ಓಟು ಹಾಕುವ ಊರದು. ನೂರಕ್ಕೆ ಐವತ್ತೊಂದು ಜನ ಒಂದು ಕಡೆ, ನಲವತ್ತೊಂಬತ್ತು ಜನ ಇನ್ನೊಂದು ಕಡೆ ಅಂತಾದರೆ ಮಾರನೇ ದಿನ ಒಂದೇ ದೋಣಿಯಲ್ಲಿ ಮೀನಿಗೆ ಹೋಗುವುದು ಹೇಗೆ? ಅಲ್ಲಿ ಇನಾಟಿ ಅಂತ ಒಂದು ಪದ್ಧತಿ ಇದೆ. ಊರಿನ ಪರವಾಗಿ ಹಿಡಿದು ತಂದ ಮೀನನ್ನು ಒಂದೆಡೆ ಸುರಿಯುತ್ತಾರೆ. ಪ್ರತಿ ಮನೆಯಲ್ಲಿ ಎಷ್ಟು ತಲೆ ಅಂತ ಲೆಕ್ಕ ಹಾಕಿ ಗುಡ್ಡೆ ಗುಡ್ಡೆ ಮಾಡುತ್ತಾರೆ. ದೋಣಿಯಲ್ಲಿ ಹೋದವನಿಗೂ ಪಾಲು, ಹಾಸಿಗೆ ಹಿಡಿದ ಮುದುಕಿಗೂ ಪಾಲು. ಮಕ್ಕಳು ಬಂದು ತಮ್ಮ ಮನೆಯ ಗುಡ್ಡೆ ಒಯ್ಯುತ್ತಾರೆ. ಹೀಗೆ ಬದುಕುವವರಿಗೆ ಒಂದು ಓಟಿನ ಗೆಲುವು ಗೆಲುವು ಅನ್ನಿಸುವುದಿಲ್ಲ. ಇಷ್ಟು ದೊಡ್ಡ ವಿಷಯಕ್ಕೆ ಇನ್ನಷ್ಟು ಜನ ಒಪ್ಪಲಿ ಅಂತ ಕಾದದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ನನಗೆ ಬೇಜಾರಾದದ್ದು ಬೇರೆ ಒಂದು ಸಂಗತಿಗೆ. ನಮ್ಮ ಬೇಲಿಯಾಚೆಯ ಆ ಅಜ್ಜಿಗೆ ಓಟು ಇರಲಿಲ್ಲ. ನ್ಯೂಜಿಲೆಂಡಿನಲ್ಲಿ ನೆಲೆಸಿದ ಸಾವಿರಾರು ಜನರಿಗೆ ಯಾರಿಗೂ ಇರಲಿಲ್ಲ. ಅಲ್ಲೇ ಇದ್ದು ಬಿಸಿಲು, ಬಿರುಗಾಳಿ ಅನುಭವಿಸುವವರು ತೀರ್ಮಾನ ಮಾಡಲಿ ಅನ್ನುವ ವಾದ ನನಗೆ ಅರ್ಥವಾಗುತ್ತದೆ. ಆದರೂ ಆ ವಾರ ಫೋನ್ ಪಕ್ಕ ಕೂತ ಅವರ ಮುಖ ನೋಡಿದವಳು ನಾನು. ಇವತ್ತಿಗೂ ಈ ಒಂದು ವಿಷಯದಲ್ಲಿ ನನಗೆ ಎರಡು ಮನಸ್ಸು.

ಪ್ರಶ್ನೆ: ಬೇರೆ ದ್ವೀಪಗಳಲ್ಲಿ ಹೀಗೆ ಆಗಿದೆಯಾ?

ಉತ್ತರ: ಆಗಿದೆ. ಕೆರಿಬಿಯನ್ ಸಮುದ್ರದ ನೆವಿಸ್ ದ್ವೀಪ 1998ರಲ್ಲಿ ತನ್ನ ಜೊತೆಯ ದ್ವೀಪ ಸೇಂಟ್ ಕಿಟ್ಸ್‌ನಿಂದ ಬೇರೆಯಾಗಲು ಓಟು ಹಾಕಿತು. ಸುಮಾರು 62 ಶೇಕಡಾ ಜನ ಹೌದು ಅಂದರು. ಅಲ್ಲೂ ಮೂರರಲ್ಲಿ ಎರಡು ಪಾಲು ಬೇಕಿತ್ತು, ಸಿಗಲಿಲ್ಲ. ಅದರ ನೆರೆಯ ಅಂಗ್ವಿಲಾದ ಕತೆ ತಿರುಗುಮುರುಗು. 1967ರಲ್ಲಿ ಸೇಂಟ್ ಕಿಟ್ಸ್ ನಮ್ಮನ್ನು ಆಳುವುದು ಬೇಡ ಅಂತ ಆ ಜನ ಪೊಲೀಸರನ್ನೇ ಊರಿನಿಂದ ಆಚೆ ಕಳಿಸಿದರು. ಆಮೇಲೆ ನಡೆದ ಓಟಿನಲ್ಲಿ 1,813 ಜನ ಬೇರೆಯಾಗೋಣ ಅಂದರು, ಬೇಡ ಅಂದವರು ಬರೀ ಐದು ಜನ. 1969ರಲ್ಲಿ ಬ್ರಿಟಿಷ್ ಸೈನಿಕರು ಬಂದಿಳಿದರು. ಗುಂಡಿಗೆ ಒಬ್ಬರೂ ಬಲಿಯಾಗಲಿಲ್ಲ. ಅಂಗ್ವಿಲಾ ಈಗಲೂ ಬ್ರಿಟನ್ನಿನ ಕೈಕೆಳಗೇ ಇದೆ. ಅವರಿಗೆ ಬೇಡವಾಗಿದ್ದದ್ದು ದೂರದ ಲಂಡನ್ ಅಲ್ಲ, ಪಕ್ಕದ ದ್ವೀಪದ ದೊಡ್ಡಣ್ಣನ ಯಜಮಾನಿಕೆ.

ಪಪುವಾ ನ್ಯೂಗಿನಿಯ ಬೂಗನ್‌ವಿಲ್‌ನಲ್ಲಿ 2019ರಲ್ಲಿ ನೂರಕ್ಕೆ ತೊಂಬತ್ತೇಳಕ್ಕಿಂತ ಜಾಸ್ತಿ ಜನ ಸ್ವಾತಂತ್ರ್ಯ ಬೇಕು ಅಂದರು. ಅಲ್ಲಿ ಮೊದಲು ಹತ್ತು ವರ್ಷ ಅಂತರ್ಯುದ್ಧ ನಡೆದಿತ್ತು. ಟೋಕೆಲಾವ್ ಜೊತೆ ಅದನ್ನು ಹೋಲಿಸಿದರೆ ಇಬ್ಬರಿಗೂ ನ್ಯಾಯ ಸಿಗುವುದಿಲ್ಲ.

ಪ್ರಶ್ನೆ: ವಿಶ್ವಸಂಸ್ಥೆ ಇದರಲ್ಲಿ ಯಾಕೆ ತಲೆ ಹಾಕುತ್ತದೆ? (ಒಬ್ಬ ವಕೀಲರು)

ಉತ್ತರ: ಇನ್ನೂ ಸ್ವಂತ ಆಡಳಿತ ಸಿಗದ ಪ್ರದೇಶಗಳ ಒಂದು ಪಟ್ಟಿ ವಿಶ್ವಸಂಸ್ಥೆಯ ಹತ್ತಿರ ಇದೆ. ಹದಿನೇಳು ಹೆಸರಿನ ಆ ಪಟ್ಟಿಯಲ್ಲಿ ಟೋಕೆಲಾವ್ ಕೂಡ ಇದೆ. ಪಟ್ಟಿಯಿಂದ ಹೊರಬರಲು ಮೂರು ದಾರಿ ಅಂತ 1960ರ ನಿರ್ಣಯ ಹೇಳುತ್ತದೆ: ಪೂರ್ತಿ ಸ್ವಾತಂತ್ರ್ಯ, ಒಪ್ಪಂದದ ನಂಟು, ಇಲ್ಲವೇ ದೊಡ್ಡ ದೇಶದಲ್ಲಿ ಸಮಾನವಾಗಿ ಸೇರಿಹೋಗುವುದು. ಈಗಿರುವ ಹಾಗೇ ಇರುತ್ತೇವೆ ಅನ್ನುವುದು ಆ ಮೂರರಲ್ಲಿ ಇಲ್ಲ. ನನ್ನ ತಕರಾರು ಇಲ್ಲೇ. ಎರಡು ಸಲ ಶಾಂತವಾಗಿ ಓಟು ಹಾಕಿ, ಫಲಿತಾಂಶ ಒಪ್ಪಿಕೊಂಡು, ಮರುದಿನ ಮೀನಿಗೆ ಹೋದ ಜನ ತಮ್ಮ ವಿಷಯ ತಾವೇ ತೀರ್ಮಾನ ಮಾಡಿದಂತೆ ಆಗಲಿಲ್ವಾ?

ನಂಟಿನ ದಾರಿಯಲ್ಲೂ ಮುಳ್ಳಿದೆ ಅನ್ನುವುದು ಮೊನ್ನೆ 2025ರಲ್ಲಿ ಗೊತ್ತಾಯಿತು. ಕುಕ್ ದ್ವೀಪಗಳು ಚೀನಾ ಜೊತೆ ಒಪ್ಪಂದ ಮಾಡಿಕೊಂಡವು. ನಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ ಅಂತ ನ್ಯೂಜಿಲೆಂಡ್ 1.82 ಕೋಟಿ ನ್ಯೂಜಿಲೆಂಡ್ ಡಾಲರ್ ನೆರವು ತಡೆಹಿಡಿಯಿತು.

ಪ್ರಶ್ನೆ: ಹಾಗಾದರೆ ಟೋಕೆಲಾವ್ ಜನ ಈಗ ತಾವಾಗಿ ಏನು ತೀರ್ಮಾನ ಮಾಡುತ್ತಾರೆ?

ಉತ್ತರ: ತುಂಬಾನೇ. ಪ್ರತಿ ಹಳ್ಳಿಗೂ ತೌಪುಲೇಗ ಅನ್ನುವ ಹಿರಿಯರ ಮಂಡಳಿ ಇದೆ. ಶಾಲೆ, ನೀರು, ಕೆಲಸಗಾರರು ಎಲ್ಲ ಅವರ ಜವಾಬ್ದಾರಿ. ಇಡೀ ದೇಶದ ಮುಖ್ಯಸ್ಥರನ್ನು ಉಲು ಅನ್ನುತ್ತಾರೆ. ಆ ಪಟ್ಟ ವರ್ಷಕ್ಕೊಮ್ಮೆ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ಕಾಯಂ ರಾಜಧಾನಿ ಅಂತಲೇ ಇಲ್ಲ. ನನಗೆ ತುಂಬಾ ಹಿಡಿಸಿದ ಏರ್ಪಾಡು ಇದು.

2012ರಲ್ಲಿ ಮೂರೂ ದ್ವೀಪಕ್ಕೆ ಸೌರ ವಿದ್ಯುತ್ ಬಂತು. ಅಲ್ಲಿಯವರೆಗೆ ಡೀಸೆಲ್ ಪೀಪಾಯಿಗಳನ್ನು ದೋಣಿಯಲ್ಲಿ ಇಳಿಸಿಕೊಳ್ಳಬೇಕಿತ್ತು. 2011ರ ಡಿಸೆಂಬರ್ ಕೊನೆಯಲ್ಲಿ ಒಂದು ದಿನವನ್ನೇ ಬಿಟ್ಟು ಹಾರಿದರು. ಸಮೋವಾ ಜೊತೆ, ಭೂಪಟದಲ್ಲಿ ತಾರೀಖು ಬದಲಾಗುವ ದಿನಾಂಕ ರೇಖೆಯ ಈಚೆಗೆ ಬರಲು ಡಿಸೆಂಬರ್ 30 ಅವರ ಕ್ಯಾಲೆಂಡರಿನಲ್ಲಿ ಬರಲೇ ಇಲ್ಲ. ಓಟು ಸೋತ ಮೇಲೆ, 2009ರಲ್ಲಿ, ತಮ್ಮದೇ ಬಾವುಟ ಮಾಡಿಕೊಂಡರು. ನೀಲಿ ಬಟ್ಟೆ, ಹಾಯಿ ಬಿಚ್ಚಿದ ಹಳದಿ ದೋಣಿ, ಮೂಲೆಯಲ್ಲಿ ದಾರಿ ತೋರುವ ನಾಲ್ಕು ನಕ್ಷತ್ರ.

ಪ್ರಶ್ನೆ: ಸಮುದ್ರ ಏರಿ ದ್ವೀಪವೇ ಮುಳುಗಿದರೆ ಈ ಸ್ವಾತಂತ್ರ್ಯದ ಮಾತಿಗೆ ಅರ್ಥ ಏನು? (ಅದೇ ಪಿಯುಸಿ ಹುಡುಗಿ)

ಉತ್ತರ: ಆ ನೆಲದ ಅತಿ ಎತ್ತರದ ಜಾಗವೇ ಸಮುದ್ರಕ್ಕಿಂತ ಸುಮಾರು ಐದು ಮೀಟರ್ ಮೇಲಿದೆ ಅಷ್ಟೆ. ಹಾಗಾಗಿ ನಿನ್ನ ಪ್ರಶ್ನೆ ಅವರ ಮನೆ ಬಾಗಿಲ ಪ್ರಶ್ನೆ. ಕೆಸುವಿನ ಜಾತಿಯ ಪುಲಾಕ ಅನ್ನುವ ಗೆಡ್ಡೆಯನ್ನು ಹೊಂಡ ತೋಡಿ ಬೆಳೆಯುತ್ತಾರೆ. ಆ ಹೊಂಡಕ್ಕೆ ಉಪ್ಪು ನೀರು ನುಗ್ಗಿದರೆ ಗೆಡ್ಡೆ ಕೊಳೆಯುತ್ತದೆ. ಅಜ್ಜಿ ತಂಗಿಗೆ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಹೊಂಡ ಹೇಗಿದೆ ಅಂತ. ಆಮೇಲೆ ಮೊಮ್ಮಕ್ಕಳ ವಿಷಯ.

ನ್ಯೂಜಿಲೆಂಡಿನ ಪಾಸ್‌ಪೋರ್ಟ್ ಇರುವುದರಿಂದ ಜನಕ್ಕೆ ಹೋಗಲು ಜಾಗ ಇದೆ. ಆದರೆ ಭಾಷೆ, ಇನಾಟಿ, ಹಿರಿಯರ ಮಂಡಳಿ ಎಲ್ಲವೂ ಆ ಪಾಸ್‌ಪೋರ್ಟಿನ ಜೊತೆ ಹೋಗುತ್ತದಾ? ಲೋವರ್ ಹಟ್‌ನಲ್ಲಿ ಅವರ ಹುಡುಗರು ಶನಿವಾರ ಸೇರಿ ಮರದ ಪೆಟ್ಟಿಗೆ, ತಗಡಿನ ಡಬ್ಬಿ ಬಡಿದು ಫಾಟೆಲೆ ಹಾಡುತ್ತಿದ್ದರು. ನಿಧಾನಕ್ಕೆ ಶುರುವಾದ ಹಾಡು ಸುತ್ತು ಸುತ್ತಿಗೂ ಜೋರಾಗುತ್ತಿತ್ತು. ಅರ್ಧದಷ್ಟು ಹುಡುಗರಿಗೆ ಹಾಡಿನ ಮಾತಿನ ಅರ್ಥ ಗೊತ್ತಿರಲಿಲ್ಲ. ಅಜ್ಜಿ ಮುಂದೆ ಕೂತು ಒಂದೊಂದೇ ಸಾಲು ಬಿಡಿಸಿ ಹೇಳಿಕೊಡುತ್ತಿದ್ದರು. ತಪ್ಪು ಹೇಳಿದವನು ಮೊದಲಿನಿಂದ ಹೇಳಬೇಕಿತ್ತು.

ಪ್ರಶ್ನೆ: ಅಲ್ಲಿಗೆ ಹೋಗಿ ನೋಡಬಹುದಾ?

ಉತ್ತರ: ಸುಮ್ನೆ ಟಿಕೆಟ್ ತೆಗೆದು ಹೋಗಲು ಆಗುವುದಿಲ್ಲ. ಹಳ್ಳಿಯ ಹಿರಿಯರ ಮಂಡಳಿಯ ಒಪ್ಪಿಗೆ ಬೇಕು. ಸಮೋವಾದ ಅಪಿಯಾದಿಂದ ಹಡಗು, ಒಂದು ದಿನಕ್ಕಿಂತ ಜಾಸ್ತಿ ಪ್ರಯಾಣ. ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಸಣ್ಣ ದೋಣಿ ಪಕ್ಕಕ್ಕೆ ಬಂದ ಮೇಲೆ ಅಲೆ ಏರುವುದನ್ನು ಕಾದು ಇಳಿಯಬೇಕು. ಅಕ್ಕಿ ಮೂಟೆ, ರೋಗಿಗಳು, ಕೂಸುಗಳು, ಓಟಿನ ಪೆಟ್ಟಿಗೆ, ಎಲ್ಲ ಇಳಿದದ್ದು ಹಾಗೇ.