ಚೆನ್ನಾಗಿ ಆಡಿದರೆ ಊರು ಬಿಡುವ ಹುಡುಗ

ನಮಸ್ಕಾರ ಮೇಡಂ,

ನೀವು ಕಳಿಸಿದ ಕಾದಂಬರಿ ‘ಹೃದಯದ ಹೋಮ್ ರನ್’ ಪೂರ್ತಿ ಓದಿದೆ. 312 ಪುಟ, ಎರಡು ರಾತ್ರಿ. ಈಗ ಇರುವ ಹಾಗೆ ಇದನ್ನು ನಾವು ಅಚ್ಚು ಹಾಕುವುದಿಲ್ಲ. ಸುಮ್ನೆ ‘ಚೆನ್ನಾಗಿದೆ, ಮುಂದುವರಿಸಿ’ ಅಂತ ಎರಡು ಸಾಲು ಬರೆದು ವಾಪಸ್ ಕಳಿಸಬಹುದಿತ್ತು. ಒಂಬತ್ತನೇ ಅಧ್ಯಾಯದ ಅರ್ಧ ಪುಟ ಹಾಗೆ ಮಾಡಲು ಬಿಡಲಿಲ್ಲ. ಅದರ ವಿಷಯ ಆಮೇಲೆ. ಮೊದಲು ತಕರಾರು.

ನಿಮ್ಮ ನಾಯಕ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪಟಕೆಟ್ ಊರಿನ ಬೇಸ್‌ಬಾಲ್ ತಂಡದ ಪಿಚರ್, ಅಂದರೆ ಚೆಂಡೆಸೆಯುವವನು. ಕೊನೆಯ ಅಧ್ಯಾಯದಲ್ಲಿ ಅವನೇ ಬ್ಯಾಟ್ ಹಿಡಿದು ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆಯುತ್ತಾನೆ, ನಾಯಕಿ ಅಳುತ್ತಾಳೆ, ಮುಕ್ತಾಯ. ಆದರೆ ಪಟಕೆಟ್ ಆಡುತ್ತಿದ್ದದ್ದು ಡೆಸಿಗ್ನೇಟೆಡ್ ಹಿಟರ್ ನಿಯಮದಲ್ಲಿ, ಅಲ್ವಾ? ಅಂದರೆ ಪಿಚರ್ ಬದಲು ಬೇರೆಯವನೊಬ್ಬ ಬ್ಯಾಟ್ ಮಾಡುತ್ತಾನೆ. ನಿಮ್ಮ ಹುಡುಗನಿಗೆ ಬ್ಯಾಟ್ ಮುಟ್ಟುವ ಕೆಲಸವೇ ಇಲ್ಲ. ಕೊನೆಯ ಅಧ್ಯಾಯ ಹೋಯಿತು, ಜೊತೆಗೆ ಪುಸ್ತಕದ ಹೆಸರೂ ಹೋಯಿತು.

ಇನ್ನೊಂದು. ಜುಲೈ ತಿಂಗಳ ಪ್ರತಿ ಶನಿವಾರ ಸಂಜೆ ಅವನು ಅವಳನ್ನು ಊಟಕ್ಕೆ ಕರೆದುಕೊಂಡು ಹೋಗುತ್ತಾನೆ. ಯಾವಾಗ ಬಿಡುವಾಯಿತು ಅವನಿಗೆ? ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 140ರ ಆಸುಪಾಸು ಆಟ. ಅರ್ಧ ಪರ ಊರುಗಳಲ್ಲಿ. ಹೆಚ್ಚಿನವು ಸಂಜೆಯೇ.

ನೀವು ಅಲ್ಲಿ ಹನ್ನೊಂದು ವರ್ಷ ಇದ್ದವರು, ಮಗನ ಜೊತೆ ಆ ತಂಡದ ಮೈದಾನ ಮೆಕಾಯ್ ಸ್ಟೇಡಿಯಂಗೆ ಎಷ್ಟೋ ಸಲ ಹೋದವರು ಅಂತ ಪತ್ರದಲ್ಲಿ ಬರೆದಿದ್ದೀರಿ. ಹಾಗಿದ್ದೂ ಕಾದಂಬರಿಯಲ್ಲಿ ಆ ಊರೇ ಇಲ್ಲ. ಪಟಕೆಟ್ ಅನ್ನುವ ಹೆಸರು ಅಳಿಸಿ ಬೇರೆ ಯಾವ ಊರನ್ನು ಹಾಕಿದರೂ ಒಂದು ಸಾಲೂ ಬದಲಾಯಿಸಬೇಕಿಲ್ಲ. ನದಿಯ ಶಕ್ತಿಯಿಂದ ಹತ್ತಿ ನೂಲುವ ಮಿಲ್ಲು 1793ರಲ್ಲೇ ಎದ್ದ ಊರು ಅದು. ಮಿಲ್ಲುಗಳು ಮುಚ್ಚಿದವು, ಕಾರ್ಮಿಕರಿಗೆ ಅಂತ ಕಟ್ಟಿದ ಮೂರು ಅಂತಸ್ತಿನ ಮರದ ಮನೆಗಳು ಉಳಿದವು. ನಿಮ್ಮ ನಾಯಕಿ ಯಾವ ಅಂತಸ್ತಿನಲ್ಲಿದ್ದಾಳೆ? ಮೇಲಿನವರ ಹೆಜ್ಜೆ ಸದ್ದು ಕೇಳುತ್ತದಾ? ಅವಳು ದಿನಾ ಲ್ಯಾಟೆ ಕುಡಿಯುತ್ತಾಳೆ, ಕುಡಿಯಲಿ. ಆದರೆ ತಣ್ಣನೆ ಹಾಲಿಗೆ ಕಾಫಿ ಸಿರಪ್ ಬೆರೆಸಿದ್ದನ್ನು ರಾಜ್ಯದ ಅಧಿಕೃತ ಪಾನೀಯ ಅಂತ ಘೋಷಿಸಿಕೊಂಡ ರೋಡ್ ಐಲೆಂಡ್‌ನಲ್ಲಿ ಒಬ್ಬಳೂ ಒಂದು ಲೋಟ ಕಾಫಿ ಮಿಲ್ಕ್ ಮುಟ್ಟುವುದಿಲ್ಲ ಅಂದರೆ ನಾನು ನಂಬಲ್ಲ.

ಈಗ ದೊಡ್ಡ ವಿಷಯ. ಪ್ರೇಮಿಗಳನ್ನು ದೂರ ಮಾಡಲು ನೀವು ತಂದವರು ಯಾರು? 14ನೇ ಅಧ್ಯಾಯದಲ್ಲಿ ಕೆಟ್ಟ ಚಿಕ್ಕಪ್ಪ, 20ರಲ್ಲಿ ಕಾರು ಅಪಘಾತ, 23ರಲ್ಲಿ ನೆನಪು ಹೋಗುವುದು. ಈ ಮೂವರಿಗೂ ರಜೆ ಕೊಡಿ. ಆಟದೊಳಗೇ ಖಳನಾಯಕ ಕೂತಿದ್ದಾನೆ, ನೀವು ನೋಡಿಲ್ಲ.

ಪಟಕೆಟ್ ತಂಡ 1973ರಿಂದ 2020ರವರೆಗೆ ಬಾಸ್ಟನ್ ರೆಡ್ ಸಾಕ್ಸ್‌ನ ಟ್ರಿಪಲ್-ಎ ತಂಡ. ಅಂದರೆ ದೊಡ್ಡ ತಂಡಕ್ಕೆ ಹತ್ತುವ ಏಣಿಯ ಕೊನೆಯ ಮೆಟ್ಟಿಲು. ಅಲ್ಲಿ ಆಡುವ ಯಾರಿಗೂ ಅಲ್ಲಿ ಇರಲು ಇಷ್ಟವಿಲ್ಲ. ಚೆನ್ನಾಗಿ ಆಡಿದರೆ ಬಾಸ್ಟನ್‌ನಿಂದ ಕರೆ ಬರುತ್ತದೆ, ರಾತ್ರೋರಾತ್ರಿ ಹೊರಡಬೇಕು. ಕೆಟ್ಟದಾಗಿ ಆಡಿದರೆ ಕೆಳಗಿನ ತಂಡ, ಇಲ್ಲವೇ ಮನೆ. ಹೇಗೂ ಊರು ಬಿಡುವುದು ಗ್ಯಾರಂಟಿ. ಅವನು ಗೆಲ್ಲಲಿ ಅಂತ ಹರಕೆ ಹೊರುವ ಹುಡುಗಿ ಅವನು ಹೋಗಲಿ ಅಂತಲೇ ಹರಕೆ ಹೊರುತ್ತಿದ್ದಾಳೆ. ಬಾಸ್ಟನ್ ಅಲ್ಲಿಂದ ಕಾರಿನಲ್ಲಿ ಒಂದು ಗಂಟೆ ಅಷ್ಟೆ. ಅದು ಇನ್ನೂ ಕಷ್ಟ. ದೂರ ಅನ್ನುವ ನೆಪವೂ ಇಲ್ಲ ನೋಡಿ.

ಅವನು ಪಿಚರ್ ಆಗಿರುವುದೂ ನಿಮ್ಮ ಪುಣ್ಯ. ಸಾಮಾನ್ಯವಾಗಿ ಆಟ ಶುರು ಮಾಡುವ ಪಿಚರ್ ಸರದಿ ಐದು ದಿನಕ್ಕೊಮ್ಮೆ. ಉಳಿದ ನಾಲ್ಕು ದಿನ ಸೂರ್ಯಕಾಂತಿ ಬೀಜ ಜಗಿಯುತ್ತಾ ಡಗ್‌ಔಟ್‌ನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ ಆಟಗಾರರು ಕೂರುವ ಜಾಗದಲ್ಲಿ, ಕೂತಿರುತ್ತಾನೆ. ಅವಳು ಬೆರಳು ಮಡಚಿ ದಿನ ಎಣಿಸಬಹುದು. ನಮ್ಮ ಓದುಗರು ವಾರಪತ್ರಿಕೆಯ ಧಾರಾವಾಹಿಗೆ ಕಾದು ಬೆಳೆದವರು. ಕಾಯುವುದನ್ನು ಅವರಿಗೆ ಕಲಿಸಬೇಕಿಲ್ಲ.

ಈಗ ಒಂಬತ್ತನೇ ಅಧ್ಯಾಯ. ಮೆಕಾಯ್‌ನಲ್ಲಿ ಡಗ್‌ಔಟ್ ಇದ್ದದ್ದು ಪ್ರೇಕ್ಷಕರ ಸೀಟಿನ ಕೆಳಗೆ, ಮೈದಾನದ ಮಟ್ಟದಲ್ಲಿ. ಮೇಲೆ ಕೂತವರಿಗೆ ಕೆಳಗಿನ ಆಟಗಾರರು ಕಾಣುತ್ತಿರಲಿಲ್ಲ. ಹಾಗಾಗಿ ಮಕ್ಕಳು ಹಾಲಿನ ಪ್ಲಾಸ್ಟಿಕ್ ಕ್ಯಾನನ್ನು ಕತ್ತರಿಸಿ, ಒಳಗೆ ಚೆಂಡು, ಪೆನ್ನು ಹಾಕಿ, ದಾರ ಕಟ್ಟಿ ಕೆಳಗೆ ಬಿಡುತ್ತಿದ್ದರು. ಆಟಗಾರ ಸಹಿ ಹಾಕಿ ಒಳಗಿಡುತ್ತಿದ್ದ. ಮೀನು ಹಿಡಿದ ಹಾಗೆ ಮೇಲೆಳೆದುಕೊಳ್ಳುವುದು. 2012ರಲ್ಲಿ ತಮ್ಮನ ಮನೆಗೆ ಹೋದಾಗ ನಾನೂ ಅಲ್ಲೊಂದು ಆಟ ನೋಡಿದ್ದೆ. ಮೂರನೇ ಇನ್ನಿಂಗ್ಸ್‌ಗೆ (ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡಿದರೆ ಇಲ್ಲಿ ಒಂದು ಇನ್ನಿಂಗ್ಸ್) ನಿದ್ದೆ ಬಂದಿತ್ತು. ಎಬ್ಬಿಸಿದ್ದು ಪಕ್ಕದ ಹುಡುಗನ ಕ್ಯಾನ್.

ನೀವು ಬರೆದಿದ್ದೀರಿ: ‘ದಾರ ಒಂದು ಸಲ ಜಗ್ಗಿತು. ಯಾರೋ ಕೆಳಗಿದ್ದಾರೆ.’ ಇಷ್ಟೇ. ಎಂಥ ಸಾಲು! ಮುಖ ಕಾಣದ ಇಬ್ಬರು, ನಡುವೆ ಒಂದು ದಾರ. ಅದನ್ನು ನೀವು ಮಗನ ವಯಸ್ಸಿನ ಯಾವುದೋ ಹುಡುಗನಿಗೆ ಕೊಟ್ಟು ಮುಂದೆ ಹೋಗಿಬಿಟ್ಟಿರಿ. ಕ್ಯಾನ್ ನಾಯಕಿಯ ಕೈಗೆ ಕೊಡಿ. ಕಾದಂಬರಿ ಅಲ್ಲಿಂದಲೇ ಶುರುವಾಗಲಿ.

ಆಟದ ನಿಯಮ ವಿವರಿಸಲು ನಾಲ್ಕು ಪುಟ ತೆಗೆದುಕೊಂಡಿದ್ದೀರಿ, ಅದೂ ಕ್ರಿಕೆಟ್ ಹೋಲಿಕೆಯಲ್ಲಿ. ಬೇಡ. ಪ್ರೀತಿಗೆ ಎಷ್ಟು ಬೇಕೋ ಅಷ್ಟು ನಿಯಮ ಸಾಕು. ಆಟ ಸಮವಾದರೆ ಯಾರಾದರೂ ಗೆಲ್ಲುವ ತನಕ ಆಡುತ್ತಾರೆ ಅಂತ ಹೇಳಬೇಕಿದ್ದರೆ ಆ ಮೈದಾನದಲ್ಲೇ ನಡೆದ ಕಥೆ ಇದೆಯಲ್ಲ? 1981ರ ಏಪ್ರಿಲ್ 18, ರಾಚೆಸ್ಟರ್ ತಂಡದ ವಿರುದ್ಧ. ಒಂಬತ್ತು ಇನ್ನಿಂಗ್ಸ್‌ಗೆ ಮುಗಿಯಬೇಕಾದದ್ದು 32 ಆದರೂ ಮುಗಿಯಲಿಲ್ಲ. ಚಳಿಗೆ ಆಟಗಾರರು ಮುರಿದ ಬ್ಯಾಟುಗಳನ್ನೇ ಸುಟ್ಟು ಕೈ ಕಾಯಿಸಿಕೊಂಡರು. ಬೆಳಗಿನ ಜಾವ ನಾಲ್ಕು ದಾಟಿದ ಮೇಲೆ ನಿಲ್ಲಿಸಿದಾಗ ಉಳಿದಿದ್ದ ಪ್ರೇಕ್ಷಕರು 19 ಜನ. ಜೂನ್ 23ಕ್ಕೆ ಮತ್ತೆ ಸೇರಿ, ಒಂದೇ ಇನ್ನಿಂಗ್ಸ್‌ನಲ್ಲಿ, 18 ನಿಮಿಷಕ್ಕೆ ಪಟಕೆಟ್ ಗೆದ್ದಿತು. ಆ 19 ಜನರಲ್ಲಿ ನಾಯಕಿಯ ಅಪ್ಪನೂ ಇದ್ದ ಅಂತ ಇಟ್ಟುಕೊಳ್ಳಿ. ಮಿಲ್ಲಿನಿಂದ ಬಂದವನು ಮನೆಗೆ ಹೋಗದೆ ಯಾಕೆ ಕೂತ? ಆಟಕ್ಕಾ, ಅಥವಾ ಮನೆಗೆ ಹೋಗಲು ಮನಸ್ಸಿಲ್ಲದೆಯಾ?

ಭಾಷೆಯ ಬಗ್ಗೆ ಒಂದೇ ಮಾತು. ‘ಅವಳ ಹೃದಯ ಒಂದು ಬಡಿತ ತಪ್ಪಿಸಿತು’ ಅಂತ ಆರು ಕಡೆ ಇದೆ. ನಮ್ಮಲ್ಲಿ ಎದೆ ಧಸಕ್ ಅನ್ನುತ್ತದೆ. ಅದೂ ಆರು ಸಲ ಅನ್ನುವುದು ಜಾಸ್ತಿಯಾಯಿತು.

ಕೊನೆ ಹೇಗೆ? ಪ್ರೇಮ ಕಾದಂಬರಿ ಓದುವವರಿಗೆ ಸುಖಾಂತ ಬೇಕು, ಅದರಲ್ಲಿ ಮೋಸ ಮಾಡಬೇಡಿ. ಆದರೆ ನಾಯಕಿ ವಾಟ್ಸ್‌ಆ್ಯಪ್ ಬಳಸುವುದರಿಂದ ಕಾಲ 2010ರ ಈಚೆ. ಹಾಗಾದರೆ 2020 ತಪ್ಪಿಸಿಕೊಳ್ಳಲು ಆಗಲ್ಲ. ಆ ವರ್ಷ ಮೆಕಾಯ್‌ನ ಕೊನೆಯ ಸೀಸನ್ ಆಗಬೇಕಿತ್ತು. ಕೋವಿಡ್ ಬಂದು ಒಂದು ಆಟವೂ ನಡೆಯಲಿಲ್ಲ. ಬದಲಿಗೆ ಮೈದಾನದಲ್ಲೇ ಟೇಬಲ್ ಹಾಕಿ ಊರಿನವರಿಗೆ ಊಟ ಬಡಿಸಿದರು. ಮುಂದಿನ ವರ್ಷ ತಂಡ ಪಕ್ಕದ ರಾಜ್ಯದ ವೂಸ್ಟರ್‌ಗೆ ಹೊರಟುಹೋಯಿತು. ಹುಡುಗ ಹೋಗುತ್ತಾನೆ ಅಂತ ಹೆದರುತ್ತಿದ್ದವಳ ಊರಿನಿಂದ ತಂಡವೇ ಹೋಯಿತು. ಅಷ್ಟು ವರ್ಷ ಮೇಲಿನಿಂದ ಕ್ಯಾನ್ ಇಳಿಬಿಟ್ಟವಳು ಹುಲ್ಲಿನ ಮೇಲೆ, ಟೇಬಲ್ ಹತ್ತಿರ ಕೂತಿದ್ದಾಳೆ. ಎದುರು ಕುರ್ಚಿಯಲ್ಲಿ ಅವನು ಯಾಕೆ, ಎಲ್ಲಿಂದ ಬಂದು ಕೂತ ಅನ್ನುವುದು ನಿಮಗೆ ಬಿಟ್ಟದ್ದು. ಭುಜ ನೋವಾಗಿ ಆಟ ಬಿಟ್ಟ ಅಂತ ಮಾತ್ರ ಮಾಡಬೇಡಿ, ಅದು ಚಿಕ್ಕಪ್ಪನಷ್ಟೇ ಹಳೆಯದು.

ಪೂರ್ತಿ ಬರೆದು ಕಳಿಸಬೇಡಿ. ಕ್ಯಾನ್ ಇಳಿಸುವ ಅಧ್ಯಾಯ, ಬಾಸ್ಟನ್‌ನಿಂದ ಕರೆ ಬರುವ ರಾತ್ರಿ, ಇವೆರಡನ್ನು ಬರೆದು ಕಳಿಸಿ. ದೀಪಾವಳಿ ಒಳಗೆ ಬಂದರೆ ಓದಿ ಫೋನ್ ಮಾಡುತ್ತೇನೆ. ಹೆಸರು ಆಮೇಲೆ ಹುಡುಕೋಣ.

ನಿಮ್ಮ,
ಸಂಪಾದಕ